ಲಾಭ, ಎರಡು, ಮೂರು

ಹಾಡಿನ ಶುರುವಿನಲ್ಲಿ ಕೇಳಿಸುವುದು ಮಳೆಯಲ್ಲ.
ಎಷ್ಟೋ ಜನ ಆ ಮಳೆಯಲ್ಲಿ ನೆನೆದಿದ್ದಾರೆ,
ಹರಿಹರದ ಹುಡುಗನೊಬ್ಬ ಅದು ನಿಲ್ಲುವುದರೊಳಗೆ
ಹುಡುಗಿಗೆ ಹೇಳಬೇಕಾದ್ದನ್ನು ಹೇಳಿ ಮುಗಿಸಿದನಂತೆ.
ಅದು ಮಂಡಕ್ಕಿ.
ಕಾದ ಮರಳಿಗೆ ಅಕ್ಕಿ ಬಿದ್ದು ಅರಳುವ ಸದ್ದು,
ರಾತ್ರಿ ಎರಡೂವರೆಗೆ, ದಾವಣಗೆರೆಯ ನಮ್ಮ ಭಟ್ಟಿಯಲ್ಲಿ,
ಮೊಬೈಲನ್ನು ಉಪ್ಪಿನ ಚೀಲಕ್ಕೆ ಒರಗಿಸಿ ಹಿಡಿದದ್ದು.

ಹಗಲು ಆಗುತ್ತಿರಲಿಲ್ಲ. ಪಕ್ಕದ ಭಟ್ಟಿಯವರು ಬೈಯುತ್ತಿದ್ದರು,
ಅದರಾಚೆಯವರು ಬೈಯದೆ, ಬಂದು ಕೂತು,
ಹಳೇ ಕವ್ವಾಲಿ ನುಡಿಸಿ ಎಂದು ಅಬ್ಬಾರನ್ನು ಪೀಡಿಸುತ್ತಿದ್ದರು.
ಎರಡೂ ಒಂದೇ ತೊಂದರೆ.

ಬ್ಯಾಂಡಿಗೆ ಹೆಸರು ಹುಡುಕಿ ಸುಸ್ತಾಗಿ
ಬಾಗಿಲ ಮೇಲಿನ ಬೋರ್ಡನ್ನೇ ಇಟ್ಟುಕೊಂಡೆವು:
ಬುಡೇನ್ ಸಾಬ್ ಅಂಡ್ ಸನ್ಸ್.
‘ಹಾಡೋಳು ನಾನು, ಸನ್ಸ್ ಯಾರಲೇ?’ ಎಂದಳು ತಸ್ಲೀಮಾ.
ಪೇಂಟರಿಗೆ ಕೊಡಲು ದುಡ್ಡಿರಲಿಲ್ಲ. ಹಾಗೇ ಉಳಿಯಿತು.

ಡ್ರಮ್ಸಿಗೆ ಅಣ್ಣ ಜಬೀ, ಬೇಸ್ ಗಿಟಾರಿಗೆ ನಾನು,
ಅಬ್ಬಾರ ತೊಡೆಯ ಮೇಲೆ ಟೈಪ್‌ರೈಟರಿನ ಗುಂಡಿಗಳ ಬ್ಯಾಂಜೊ,
ಉರುಸುಗಳ ಕಾಲದ್ದು, ಒತ್ತಿದರೆ ಎರಡು ಗುಂಡಿ ಏಳುವುದಿಲ್ಲ.
ಅದಕ್ಕೆ ಆಂಪ್ಲಿಫೈಯರಿನ ವೈರು ಸಿಕ್ಕಿಸಿ ಪೂರ್ತಿ ತಿರುಗಿಸಿದಾಗ
ಮೊದಲು ಹೆದರಿದ್ದು ಅಬ್ಬಾ,
ಆಮೇಲೆ ವೈರು ಕೀಳಲು ಬಿಡದವರೂ ಅವರೇ.

ಅಮ್ಮಿ ಬ್ಯಾಂಡಿನಲ್ಲಿರಲಿಲ್ಲ. ಜರಡಿ ಹಿಡಿದಿದ್ದಳು.
ಮೂವತ್ತು ವರ್ಷ ಸೇರು ಅಳೆದು ಅಳೆದು
ಅವಳ ಬಾಯಲ್ಲಿ ಒಂದು ಎಂಬ ಅಂಕಿಯೇ ಇಲ್ಲ;
ಮೊದಲ ಸೇರಿಗೆ ಲಾಭ ಎನ್ನಬೇಕು.
ನಾವು ಶುರುಮಾಡಲಾರದೆ ಮುಖ ಮುಖ ನೋಡುವಾಗ
ಅವಳೇ ಎಣಿಸಿದಳು, ತಲೆಯೆತ್ತದೆ:
ಲಾಭ, ಎರಡು, ಮೂರು, ನಾಕು.
ಅಷ್ಟು ನಿಧಾನ. ಬೆಳಗಿನವರೆಗೂ ಕೈ ದಣಿಯಬಾರದಷ್ಟು ನಿಧಾನ.

ಹಾಡಿನ ಮಾತು ತಸ್ಲೀಮಾಳದು.
ಮನೆಮಾತಲ್ಲಿ ಜಗಳವಾಡಿ ಕನ್ನಡದಲ್ಲಿ ಬರೆದಳು:
ಹೋಗ್ತೀನಿ, ಬಾಗಿಲು ಹಾಕ್ಕೊ.
‘ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನು’ ಎಂದಳು ಅಮ್ಮಿ.
ಆ ಒಂದು ತಿದ್ದಿನಿಂದ ಅದು ಪ್ರೇಮಗೀತೆಯಾಯಿತು.
ಅಲ್ಲಿಯವರೆಗೆ ಬರೀ ಸಿಟ್ಟು.

ಇನ್ನು ಆ ಮೌನ.
ಎರಡನೇ ಚರಣ ಮುಗಿದ ಮೇಲೆ ಡ್ರಮ್ಸು ನಿಲ್ಲುತ್ತದಲ್ಲ,
ಅವಳೊಬ್ಬಳ ದನಿ, ನನ್ನ ಒಂದೇ ತಂತಿ,
ಕಾಲೇಜಿನ ಹುಡುಗರು ಎದೆ ಮುಟ್ಟಿಕೊಂಡು ಹೊಗಳುವ ಜಾಗ,
ಅದನ್ನು ಯಾರೂ ಕಟ್ಟಿದ್ದಲ್ಲ.
ಜಬೀ ಎದ್ದು ಹೋದದ್ದು ಅಲ್ಲಿ.
ಸ್ಟೂಲು ಸರಿದದ್ದು ಸಣ್ಣಗೆ ಇದೆ, ಇಯರ್‌ಫೋನಿಟ್ಟು ಕೇಳಿ.
ಜಗಳ, ಬ್ಯಾಂಜೊ ಎಲ್ಲಿ ಬರಬೇಕು ಎಂಬುದಕ್ಕೆ.
ಅಥವಾ ಭಟ್ಟಿ ಯಾರ ಹೆಸರಿಗೆ ಎಂಬುದಕ್ಕೆ.
ಆ ವಾರ ಇದರ ಬಾಯಲ್ಲಿ ಅದು ಮಾತಾಡುತ್ತಿತ್ತು.
ಅವನು ಹೋಗ್ತೀನಿ ಅನ್ನಲಿಲ್ಲ, ಬರ್ತೀನಿ ಅನ್ನಲಿಲ್ಲ.
ನಾವೂ ನಿಲ್ಲಿಸಲಿಲ್ಲ. ಅಕ್ಕಿ ಮುಗಿಯುತ್ತ ಬಂದಿತ್ತು,
ಇನ್ನೊಂದು ಸಲ ಹಿಡಿಯುವುದಕ್ಕೆ ಮಳೆ ಇರುತ್ತಿರಲಿಲ್ಲ.

ಈಗ ಬೇರೆ ಹುಡುಗ ಬಾರಿಸುತ್ತಾನೆ, ಚೆನ್ನಾಗಿಯೇ.
ಹೈಸ್ಕೂಲ್ ಮೈದಾನದಲ್ಲಿ ಆ ಜಾಗ ಬಂದಾಗ
ಕಡ್ಡಿಗಳನ್ನು ಎದೆಗೊತ್ತಿ ಕಣ್ಣು ಮುಚ್ಚುತ್ತಾನೆ,
ಕತ್ತಲೆಯ ತುಂಬ ಮೊಬೈಲು ಬೆಳಗುತ್ತವೆ,
ನನಗೆ ಸ್ಟೂಲು.

ಮೊನ್ನೆ ಭಟ್ಟಿ ಮುಂದೆ ಆಟೊ ಒಂದು ನಿಂತಿತು.
ಜಬೀ. ಮೂರು ಸೇರು ಕೊಡಿ ಎಂದ, ಗಿರಾಕಿಯ ಹಾಗೆ.
ಅಮ್ಮಿ ಅಳೆದಳು: ಲಾಭ, ಎರಡು, ಮೂರು,
ಮೇಲೊಂದು ಹಿಡಿ.
ಆಟೊದೊಳಗೆ ಹಾಡುತ್ತಿದ್ದುದು ನಾವೇ, ಮೈದಾನದ್ದು.
ಕವರಿನ ಬಾಯಿ ಗಂಟು ಹಾಕುತ್ತ, ನನ್ನ ಕಡೆ ನೋಡದೆ,
‘ಈಗೀಗ ಓಡಿಸ್ತಿದೀರಿ ಹಾಡ್ನ’ ಎಂದ.
ಚಿಲ್ಲರೆ ಇಸಕೊಂಡು ಹೋದ.

ಅಮ್ಮಿ ಏನೂ ಅನ್ನಲಿಲ್ಲ.
ಸಂಜೆಯವರೆಗೂ ಜರಡಿ
ಸ್ವಲ್ಪ ನಿಧಾನವಾಗಿತ್ತು.